ನೀರು ಕುಡಿಯುತ್ತಿದ್ದ ಪೈಪು

2013ರಲ್ಲಿ ನಾನು ಮಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದೆ. ಮನೆ ಕುಂಜತ್ತೂರಿನಲ್ಲಿ. ಬೆಳಿಗ್ಗೆ ಕೇರಳದಲ್ಲಿ ಚಹಾ ಕುಡಿದು ಬಸ್ಸು ಹತ್ತಿದರೆ ಕರ್ನಾಟಕದಲ್ಲಿ ಪಾಠ, ಸಂಜೆ ಮತ್ತೆ ಕೇರಳಕ್ಕೆ ವಾಪಸು. ನನ್ನ ವಿಷಯ ಫ್ಲುಯಿಡ್ ಮೆಕ್ಯಾನಿಕ್ಸ್. ದ್ರವಗಳು ಹೇಗೆ ಹರಿಯುತ್ತವೆ, ಹರಿಯುವಾಗ ಗೋಡೆಗೆ ಎಷ್ಟು ಒತ್ತಡ ಹಾಕುತ್ತವೆ ಎಂಬ ಶಾಸ್ತ್ರ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನೇ ಕಲಿಸಿ, ನೀರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ ಎಂಬ ಧೈರ್ಯ ನನಗಿತ್ತು. ಆ ವರ್ಷದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆ ಧೈರ್ಯ ಉಡುಗಿಹೋಯಿತು. ಇವತ್ತಿಗೂ ಅದು ಪೂರ್ತಿ ವಾಪಸು ಬಂದಿಲ್ಲ.

ಆ ವರ್ಷ ಕಾಲೇಜಿನಲ್ಲಿ ಹೊಸ ಹುಮ್ಮಸ್ಸು ಹುಟ್ಟಿತ್ತು. ಹಿರಿಯ ಅಧ್ಯಾಪಕರೂ ಪೈಥಾನ್ ಕಲಿಯಬೇಕು ಎಂದು ಆದೇಶವಾಯಿತು. ಪೈಥಾನ್ ಎಂದರೆ ಕಂಪ್ಯೂಟರಿಗೆ ಹಂತಹಂತವಾಗಿ ಕೆಲಸ ಹೇಳುವ ಒಂದು ಭಾಷೆ. ನಾನು ಓದುವಾಗ ಫೋರ್ಟ್ರಾನ್ ಎಂಬುದಿತ್ತು, ಪರೀಕ್ಷೆ ಮುಗಿದ ದಿನವೇ ಅದನ್ನು ಮರೆತಿದ್ದೆ. ಈಗ ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತು ಪಾಠ ಕೇಳಬೇಕು. ಕಲಿಸುತ್ತಿದ್ದವರು ಕಂಪ್ಯೂಟರ್ ವಿಭಾಗದ ಹಮೀದ್ ಸರ್, ನನ್ನದೇ ವಯಸ್ಸಿನವರು, ಸಮಾಧಾನಿ. ನಾನು ಸಮಾಧಾನಿಯಲ್ಲ. ಸಾಲಿನ ಕೊನೆಗೆ ಎರಡು ಚುಕ್ಕೆ ಹಾಕಲು ಮರೆತದ್ದಕ್ಕೆ ಇಡೀ ಪ್ರೋಗ್ರಾಂ ಮುಷ್ಕರ ಹೂಡಿದಾಗ ಕೀಬೋರ್ಡಿಗೆ ಕುಟ್ಟುತ್ತಿದ್ದೆ.

"ಮೇಡಂ, ಪುಸ್ತಕದ ಲೆಕ್ಕ ಬಿಡಿ. ನಿಮಗೇ ಉತ್ತರ ಬೇಕಾದ ಲೆಕ್ಕ ಒಂದು ತನ್ನಿ. ಆಗ ಕಲೀತೀರಿ" ಎಂದು ಅವರು ಹೇಳಿದರು. ಅಂಥ ಲೆಕ್ಕ ತಾನಾಗಿಯೇ ಬಂತು.

ತಂದವರು ಕೇರಳದ ಕಡೆಯ ಬಂದ್ಯೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಶೇಖರಣ್ಣ. ನಮ್ಮ ಮನೆಯ ನಲ್ಲಿ, ಪೈಪು ಎಲ್ಲ ಅವರ ಅಂಗಡಿಯದ್ದೇ. ಅವರ ಊರು ಅಲ್ಲಿಂದ ಪೂರ್ವಕ್ಕೆ ಒಂದು ಪದವಿನ ಮೇಲೆ. ಪದವು ಎಂದರೆ ಕೆಂಪು ಮುರಕಲ್ಲಿನ ಎತ್ತರದ ಬಯಲು, ಬೇಸಗೆಯಲ್ಲಿ ಬಾವಿ ತೋಡಿದರೂ ನೀರಿಲ್ಲ. ಆದ್ದರಿಂದ ಕೆಳಗಿನ ತೋಡಿನ, ಅಂದರೆ ಹಳ್ಳದ, ಬದಿಯ ಬಾವಿಯಿಂದ ಪಂಪು ಮಾಡಿ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಯೋಜನೆಯೊಂದನ್ನು ಊರವರೇ ಸಮಿತಿ ಮಾಡಿಕೊಂಡು ನಡೆಸುತ್ತಿದ್ದರು. ಶೇಖರಣ್ಣ ಅದರ ಕಾರ್ಯದರ್ಶಿ, ಪಂಪು ಹಾಕುವವರೂ ಅವರೇ.

"ಮೇಡಂ, ಸಂಜೆ ಪಂಪು ಓಡ್ತಾ ಇರುವಾಗ ಕರೆಂಟು ಹೋದ್ರೆ ಪೈಪಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಢಬ್ ಅಂತ ಶಬ್ದ ಬರ್ತದೆ. ಪಂಪು ಹಾಳಾದದ್ದಾ? ನೀವು ಇದನ್ನೇ ಅಲ್ವಾ ಕಲಿಸುದು?"

ಆ ಬೇಸಗೆಯಲ್ಲಿ ಕೇರಳದಲ್ಲಿ ಲೋಡ್ ಶೆಡ್ಡಿಂಗ್ ಇತ್ತು. ಸಂಜೆ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ಶಬ್ದದ ಕಾರಣ ನನಗೆ ನಿಂತಲ್ಲೇ ಗೊತ್ತಾಯಿತು. ಓಡುತ್ತಿರುವ ನೀರನ್ನು ಒಮ್ಮೆಲೇ ನಿಲ್ಲಿಸಿದರೆ ಅದರ ರಭಸ ಒತ್ತಡವಾಗಿ ಪೈಪಿನ ಉದ್ದಕ್ಕೂ ಅಪ್ಪಳಿಸುತ್ತದೆ. ಇದಕ್ಕೆ ವಾಟರ್ ಹ್ಯಾಮರ್ ಎನ್ನುತ್ತಾರೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಕಬ್ಬಿಣದ ಪೈಪಿನಲ್ಲಿ ಥಟ್ಟನೆ ನಿಂತರೆ ನೂರಿಪ್ಪತ್ತು ಮೀಟರ್ ಎತ್ತರದ ನೀರಿನ ಕಂಬದಷ್ಟು ಹೆಚ್ಚುವರಿ ಒತ್ತಡ ಬೀಳಬಹುದು. ಆದರೆ ಅವರ ಪೈಪಿನಲ್ಲಿ, ಯಾವ ಜಾಗದಲ್ಲಿ, ಎಷ್ಟು? ಅದನ್ನು ಪೆನ್ಸಿಲಿನಲ್ಲಿ ಮಾಡಲು ಕೂತರೆ ನಿವೃತ್ತಿಯವರೆಗೆ ಬೇಕು. ಹಮೀದ್ ಸರ್ ಕೇಳಿದ ಲೆಕ್ಕ ಸಿಕ್ಕಿತು ಎಂದು ಖುಷಿಯಾಯಿತು.

ಮುಂದಿನ ಶನಿವಾರ ಟೇಪು ಹಿಡಿದು ಹೋದೆ. ಪೈಪಿನ ದಾರಿಯಲ್ಲಿ ಶೇಖರಣ್ಣನ ಜೊತೆ ನಡೆದೆ. ಉದ್ದ ಸುಮಾರು ಆರುನೂರು ಮೀಟರ್. ಕೆಳಗಿನ ಅರ್ಧ ಕಬ್ಬಿಣದ ಪೈಪು, ಗುಡ್ಡದ ಮೈಯಲ್ಲಿ ನೆಟ್ಟಗೆ ಏರುತ್ತದೆ. ಪದವಿನ ಅಂಚಿಗೆ ಬಂದು ಮಡಚಿ, ಆಮೇಲೆ ನೆಲದಡಿಯಲ್ಲಿ ಪಿವಿಸಿ ಪೈಪಾಗಿ ಹೆಚ್ಚುಕಡಿಮೆ ಸಮತಟ್ಟಾಗಿ ಟ್ಯಾಂಕಿನವರೆಗೆ ಹೋಗುತ್ತದೆ. ಒತ್ತಡ ಹೆಚ್ಚಿರುವ ಕೆಳಗೆ ಗಟ್ಟಿ ಪೈಪು, ಕಡಿಮೆ ಇರುವ ಮೇಲೆ ಹಗುರ ಪೈಪು. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಪೈಪು ಮಡಚುವ ಆ ಅಂಚಿನಲ್ಲೇ ಊರಿನ ಅಂಗನವಾಡಿ ಇತ್ತು. ಬಾಯಾರಿಕೆಯಾಗಿ ಒಳಗೆ ಹೋದೆ. ಟೀಚರ್ ಸುಮತಿ ಕುದಿಸಿ ಆರಿಸಿದ ನೀರು ಕೊಟ್ಟರು. ಗೋಡೆಯ ಮೇಲೆ ಹಣ್ಣು, ಹೂವು, ಕೈ ತೊಳೆಯುವ ಚಿತ್ರ. ಚಾಪೆಯ ಮೇಲೆ ನಾಲ್ಕೇ ಮಕ್ಕಳು.

"ಉಳಿದವರು ಎಲ್ಲಿ?" ಎಂದೆ.

"ಕಳಿಸುದಿಲ್ಲ ಮೇಡಂ" ಎಂದರು ಸುಮತಿ ಟೀಚರ್. "ಜಾಂಡೀಸ್. ಮೊದಲು ಮದುವೆಮನೆಯಲ್ಲಿ ಶರಬತ್ತು ಕುಡಿದವರಿಗೆ ಬಂದದ್ದು. ಈಗ ಒಬ್ಬರಾದ ಮೇಲೆ ಒಬ್ಬರು. ನನ್ನ ಗಂಜಿಯಿಂದ ಬಂತು ಅಂತ ಹೇಳ್ತಾರೆ. ತಟ್ಟೆ ಕೂಡ ನಾನು ಬಿಸಿನೀರಲ್ಲಿ ತೊಳೆಯುದು. ಇನ್ನು ಎಂತ ಮಾಡ್ಬೇಕು ನಾನು?"

ಶೇಖರಣ್ಣ ಹೊರಗೆ ಬಂದ ಮೇಲೆ ಉಳಿದದ್ದನ್ನು ಹೇಳಿದರು. ನಫೀಸಾ ಎಂಬವರ ನಾಲ್ಕು ವರ್ಷದ ಮಗಳು ಶಿಫಾ ಮಂಗಳೂರಿನಲ್ಲಿ ಐಸಿಯುವಿನಲ್ಲಿದ್ದಳು. ಲಿವರ್ ಕೈಕೊಡುತ್ತಿದೆ ಎಂದು ಡಾಕ್ಟರು ಹೇಳಿದ್ದರಂತೆ. ನಫೀಸಾ ಆಸ್ಪತ್ರೆಯಿಂದಲೇ ಫೋನು ಮಾಡಿ ಉಳಿದ ತಾಯಂದಿರಿಗೆ, ಮಕ್ಕಳನ್ನು ಅಂಗನವಾಡಿಗೆ ಕಳಿಸಬೇಡಿ ಎಂದಿದ್ದಳು. ತಿಂಗಳ ಕೊನೆಗೆ ಹೆತ್ತವರ ಸಭೆ ಕರೆದು, ಅಂಗನವಾಡಿಯನ್ನೂ ಟೀಚರನ್ನೂ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದೆಂದು ಇಲಾಖೆಯ ಸೂಪರ್‌ವೈಸರ್ ತಿಳಿಸಿ ಹೋಗಿದ್ದರು. ಬಾವಿಯ ನೀರು, ಟ್ಯಾಂಕಿನ ನೀರು ಎರಡನ್ನೂ ಪರೀಕ್ಷೆಗೆ ಕಳಿಸಿದ್ದರು. ಎರಡೂ ಚೆನ್ನಾಗಿಯೇ ಇದ್ದವು.

ಸುಮತಿ ಟೀಚರ ತವರು ಎಣ್ಮಕಜೆ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕ ಸುರಿದು ಊರೂರೇ ಕಾಯಿಲೆ ಬಿದ್ದ ಕಾಲದಲ್ಲಿ ಅಲ್ಲಿ ಬೆಳೆದವರು. ಕಣ್ಣಿಗೆ ಕಾಣದ್ದು ನೀರಿಗೆ ಸೇರಿದರೆ ಏನಾಗುತ್ತದೆ ಎಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವರ ಮೇಲೆಯೇ ಈ ಅಪವಾದ ಬಂತಲ್ಲ ಎಂದು ಬಸ್ಸಿನಲ್ಲಿ ಕೂತು ಮರುಗಿದೆ. ಆದರೂ ಅದು ಡಾಕ್ಟರುಗಳ ವಿಷಯ, ನನ್ನದು ಶಬ್ದದ ವಿಷಯ ಎಂದುಕೊಂಡೆ.

ಪ್ರೋಗ್ರಾಂ ಬರೆಯಲು ಕೂತೆ. ವಿಧಾನ ಕೇಳಲು ಸುಲಭ. ಪೈಪನ್ನು ಸಣ್ಣ ಸಣ್ಣ ತುಂಡುಗಳಾಗಿ ಕಲ್ಪಿಸಿಕೊಳ್ಳುವುದು. ಈ ಕ್ಷಣ ಅಕ್ಕಪಕ್ಕದ ತುಂಡುಗಳಲ್ಲಿ ಇರುವ ಒತ್ತಡ ಮತ್ತು ವೇಗದಿಂದ ಮುಂದಿನ ಕ್ಷಣ ಈ ತುಂಡಿನಲ್ಲಿ ಎಷ್ಟಾಗುತ್ತದೆ ಎಂದು ಕಂಡುಹಿಡಿಯುವುದು. ಮನುಷ್ಯರು ಮಾಡಿದರೆ ತಲೆ ಕೆಡುತ್ತದೆ, ಪೈಥಾನ್ ಬೇಸರವಿಲ್ಲದೆ ಮಾಡುತ್ತದೆ. ಎರಡು ವಾರ ಬೇಕಾಯಿತು. ಕೊನೆಗೊಮ್ಮೆ ಪ್ರೋಗ್ರಾಂ ಓಡಿ ಪರದೆಯ ಮೇಲೆ ಗ್ರಾಫ್ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಕೂಗಿದೆ.

ಮರುಕ್ಷಣ ಕೂತೆ. ಕೆಳಗೆ ಪಂಪಿನ ಬಳಿ ಒತ್ತಡ ನಿರೀಕ್ಷಿಸಿದಂತೆ ಕುಣಿಯುತ್ತಿತ್ತು. ಆದರೆ ಮೇಲೆ, ಪೈಪು ಮಡಚುವ ಜಾಗದಲ್ಲಿ, ಗೆರೆ ಸೊನ್ನೆಗಿಂತ ಕೆಳಗೆ ಜಾರಿ ಮೈನಸ್ ಇಪ್ಪತ್ತೆಂಟು ಮೀಟರ್ ಎಂದು ತೋರಿಸುತ್ತಿತ್ತು.

ಒತ್ತಡ ಅಳೆಯುವಾಗ ನಾವು ಸುತ್ತಲಿನ ಗಾಳಿಯ ಒತ್ತಡವನ್ನೇ ಸೊನ್ನೆ ಎಂದು ಇಟ್ಟುಕೊಳ್ಳುತ್ತೇವೆ. ಅದಕ್ಕಿಂತ ಕೆಳಗೆ ಸುಮಾರು ಹತ್ತು ಮೀಟರಿಗೆ ಎಲ್ಲ ಮುಗಿಯುತ್ತದೆ, ಆಮೇಲೆ ಇರುವುದು ಬರೀ ಶೂನ್ಯ. ಮೈನಸ್ ಇಪ್ಪತ್ತೆಂಟು ಎಂಬುದು ಈ ಲೋಕದಲ್ಲೇ ಇಲ್ಲ. ನನ್ನ ಪ್ರೋಗ್ರಾಂ ತಪ್ಪು ಎಂದು ಮುಖ ಸಣ್ಣದಾಯಿತು. ಹಮೀದ್ ಸರ್ ಬಂದು ನೋಡಿದರು.

"ಒತ್ತಡ ಮೈನಸ್ ಆಗುದುಂಟಾ ಮೇಡಂ? ಒಂದು ಸಾಲು ಸೇರಿಸಿ. ಸೊನ್ನೆಗಿಂತ ಕಡಿಮೆ ಬಂದ್ರೆ ಸೊನ್ನೆ ಅಂತ ಇಟ್ಕೊಳ್ಳಿಕ್ಕೆ ಹೇಳಿ. ಚಂದ ಆಗ್ತದೆ."

ಪ್ರೋಗ್ರಾಂ ಬರೆಯುವವರ ಲೋಕದಲ್ಲಿ ಇದು ಮಾಮೂಲಿ ಔಷಧಿ. ವಯಸ್ಸು ಮೈನಸ್ ಬಂದರೆ, ಅಂಕ ಮೈನಸ್ ಬಂದರೆ, ಹೀಗೆಯೇ ಬಾಗಿಲು ಹಾಕುತ್ತಾರೆ. ಸಾಲು ಸೇರಿಸಿದೆ. ಗ್ರಾಫ್ ನಿಜವಾಗಿಯೂ ಚಂದವಾಯಿತು. ಆದರೆ ಆ ಚಂದದ ಗ್ರಾಫಿನಲ್ಲಿ ಶೇಖರಣ್ಣನ ಢಬ್ ಇರಲಿಲ್ಲ! ಊರಿಡೀ ಕೇಳಿದ ಶಬ್ದ ನನ್ನ ಲೆಕ್ಕದಲ್ಲಿ ಮಾತ್ರ ಇಲ್ಲ ಎಂದರೆ ಏನರ್ಥ? ಎರಡು ದಿನ ಅದೇ ತಲೆ ತಿಂದಿತು.

ಮೂರನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದವಳು ಊಟ ಬಿಟ್ಟು ಎದ್ದೆ. ಸೊನ್ನೆಗೆ ಕಟ್ಟಿಹಾಕುವ ಸಾಲನ್ನು ಅಳಿಸಿದೆ. ಬದಲಿಗೆ ನಿಸರ್ಗ ಏನು ಮಾಡುತ್ತದೋ ಅದನ್ನೇ ಬರೆದೆ. ಒತ್ತಡ ಮೈನಸ್ ಹತ್ತರ ಹತ್ತಿರ ಬಂದರೆ ಅಲ್ಲಿ ನೀರಿನ ಕಂಬ ಕಡಿದು ಎರಡು ತುಂಡಾಗುತ್ತದೆ, ನಡುವೆ ಖಾಲಿ ಜಾಗ ಹುಟ್ಟುತ್ತದೆ, ಆಮೇಲೆ ಎರಡು ತುಂಡುಗಳು ಮತ್ತೆ ಕೂಡುತ್ತವೆ. ಪ್ರೋಗ್ರಾಂ ಓಡಿಸಿದೆ. ಕರೆಂಟು ಹೋಗುತ್ತದೆ. ಗುಡ್ಡದ ಮೈಯಲ್ಲಿರುವ ನೀರು ತನ್ನ ಭಾರಕ್ಕೆ ಬೇಗ ನಿಲ್ಲುತ್ತದೆ. ಪದವಿನ ಮೇಲಿನ ನೀರು ಹೊರಟ ರಭಸಕ್ಕೆ ಟ್ಯಾಂಕಿನ ಕಡೆ ಓಡುತ್ತಲೇ ಇರುತ್ತದೆ. ನಡುವೆ, ಅಂಗನವಾಡಿಯ ಬದಿಯಲ್ಲಿ, ಪೈಪು ಖಾಲಿಯಾಗುತ್ತದೆ. ಕೆಲವು ಸೆಕೆಂಡು ಕಳೆದು ಓಡಿದ ನೀರು ಹಿಂತಿರುಗಿ ಬಂದು ಬಡಿಯುತ್ತದೆ. ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲಕ್ಕೆ ಹಾರಿತು. ಅದೇ ಢಬ್.

ಇಷ್ಟಕ್ಕೆ ಸಂತೋಷವಾಗಬೇಕಿತ್ತು. ಆದರೆ ಮಡಚಿನ ಜಾಗದ ಆ ಕೆಲವು ಸೆಕೆಂಡುಗಳ ಮೇಲೆಯೇ ನನ್ನ ಕಣ್ಣು ನಿಂತಿತು. ಒಳಗೆ ಒತ್ತಡ ಇಲ್ಲ, ಹೊರಗೆ ಉಂಟು. ಅಲ್ಲೊಂದು ತೂತಿದ್ದರೆ? ಪೈಪಿನಿಂದ ನೀರು ಹೊರಗೆ ಬರುವುದಿಲ್ಲ, ಹೊರಗಿನದ್ದು ಒಳಗೆ ಹೋಗುತ್ತದೆ. ಪೈಪು ಕುಡಿಯುತ್ತದೆ. ದಿನಾ ಸಂಜೆ ಕುಡಿಯುತ್ತದೆ.

ಅಂಥ ಎತ್ತರದ ಮಡಚಿನಲ್ಲಿ ಬಲ್ಲವರು ಯಾರೇ ಆದರೂ ಏರ್ ವಾಲ್ವ್ ಇಡುತ್ತಾರೆ. ಪೈಪಿನೊಳಗೆ ಶೂನ್ಯ ಉಂಟಾದ ತಕ್ಷಣ ತೆರೆದುಕೊಂಡು ಹೊರಗಿನ ಗಾಳಿಯನ್ನು ಒಳಗೆ ಬಿಡುವ ಸಣ್ಣ ಕವಾಟ ಅದು. ನಾನು ನಡೆದು ನೋಡಿದಾಗ ಅಲ್ಲಿ ಅಂಥದ್ದೇನೂ ಕಂಡಿರಲಿಲ್ಲ. ಶೇಖರಣ್ಣನಿಗೆ ಫೋನು ಮಾಡಿದೆ.

"ಅಂಗನವಾಡಿಯ ಹತ್ತಿರ ಏರ್ ವಾಲ್ವ್ ಉಂಟಾ?"

"ಉಂಟಲ್ಲ ಮೇಡಂ. ಪೈಪು ಹಾಕಿದವರು ಆಗಲೇ ಇಟ್ಟಿದ್ದಾರೆ. ಈಗ ಅದು ಟೀಚರ ಗುಂಡಿಯ ಒಳಗೆ ಉಂಟು."

"ಟೀಚರ ಗುಂಡಿಯಾ? ಎಂತ ಗುಂಡಿ ಅದು?"

"ಮಕ್ಕಳು ಕೈ ತೊಳೆದ ನೀರು ಹೋಗ್ಲಿಕ್ಕೆ."

ಸಂಜೆ ಪಂಪು ಹಾಕಬೇಡಿ, ನಾಳೆ ಬೆಳಿಗ್ಗೆ ನಾನು ಬರುವವರೆಗೆ ಯಾರೂ ಕುದಿಸದ ನೀರು ಕುಡಿಯಬಾರದು ಎಂದಷ್ಟೇ ಹೇಳಿದೆ. ಮಾರ್ಚ್ ತಿಂಗಳಲ್ಲಿ ಪದವಿನವರಿಗೆ ಪಂಪು ಹಾಕಬೇಡಿ ಎಂದು ಹೇಳುವುದು ಸಣ್ಣ ಮಾತಲ್ಲ. ಹೇಳಿದವಳು ಪೈಥಾನ್ ಕಲಿಯಲು ಶುರುಮಾಡಿ ಮೂರು ತಿಂಗಳೂ ಆಗದವಳು. ಲೆಕ್ಕ ತಪ್ಪಾಗಲಿ ದೇವರೇ ಎಂದು ಆ ರಾತ್ರಿ ನಿಜವಾಗಿಯೂ ಬೇಡಿಕೊಂಡೆ.

ಬೆಳಿಗ್ಗೆ ಸುಮತಿ ಟೀಚರ್ ನನ್ನನ್ನು ಅಂಗನವಾಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಮದುವೆಮನೆಯ ಜಾಂಡೀಸ್ ಸುದ್ದಿ ಬಂದ ಮೇಲೆ, ಮಕ್ಕಳು ಸೋಪು ಹಾಕಿ ಕೈ ತೊಳೆಯಬೇಕು ಎಂದು ಅವರು ಪಂಚಾಯತಿನ ಹಿಂದೆ ಬಿದ್ದು ಕಟ್ಟಿಸಿದ ಜಾಗ ಅದು. ಮಕ್ಕಳ ಎತ್ತರಕ್ಕೆ ಸರಿಯಾಗಿ ನಲ್ಲಿಗಳ ಸಾಲು, ಬಿಳಿ ಟೈಲ್ಸು. ಶೌಚಕ್ಕೆ ಹೋದ ಪುಟ್ಟ ಮಕ್ಕಳನ್ನೂ ಅಲ್ಲೇ ತೊಳೆಸುತ್ತಿದ್ದರು. ಕೊಳೆ ನೀರು ಅಂಗಳದಲ್ಲಿ ನಿಲ್ಲಬಾರದಲ್ಲ? ಹತ್ತಿರದಲ್ಲೇ ವಾಲ್ವಿಗೆಂದು ಹಿಂದೆ ಕಲ್ಲು ಕಟ್ಟಿದ್ದ ಗುಂಡಿ ಇತ್ತು, ಟೀಚರ ಕಣ್ಣಿಗೆ ಅದು ಉಪಯೋಗವಿಲ್ಲದೆ ಬಿದ್ದ ಗುಂಡಿ. ಅದಕ್ಕೆ ಸಣ್ಣ ಪೈಪು ಕೊಟ್ಟು, ಮೇಲೆ ಚಪ್ಪಡಿ ಮುಚ್ಚಿಸಿದ್ದರು.

"ಸೊಳ್ಳೆ ಬರಬಾರ್ದು ಅಂತ ಮುಚ್ಚಿದ್ದು ಮೇಡಂ" ಎಂದರು. ಹೆಮ್ಮೆಯ ದನಿಯಲ್ಲೇ ಹೇಳಿದರು.

ಚಪ್ಪಡಿ ಸರಿಸಿದೆವು. ಬೂದು ಬಣ್ಣದ ಸೋಪಿನ ನೀರು ಮುಕ್ಕಾಲು ಗುಂಡಿ ನಿಂತಿತ್ತು. ವಾಲ್ವ್ ಕಾಣಿಸಲೇ ಇಲ್ಲ, ಅದು ನೀರಿನಡಿಯಲ್ಲಿತ್ತು. ಕೊಳೆ ಟ್ಯಾಂಕಿಗೆ ಸೇರದಿರಲೆಂದು ಅಲ್ಲಿಗೆ ಹೋಗುವ ದಾರಿಯನ್ನು ಕಟ್ಟಿ, ನೀರು ಪದವಿನ ಆ ತುದಿಯಲ್ಲಿ ಹೊರಗೆ ಚೆಲ್ಲುವಂತೆ ಮಾಡಿದೆವು. ಶೇಖರಣ್ಣ ಕೆಳಗೆ ಹೋಗಿ ಪಂಪು ಹಾಕಿ, ಫೋನು ಕಿವಿಗೆ ಹಿಡಿದು ನಿಂತರು.

"ಆಫ್ ಮಾಡ್ಲಾ?"

"ಮಾಡಿ."

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಂಡಿಯ ನಡುವೆ ನೀರು ಸುಳಿ ತಿರುಗಿತು. ಮಕ್ಕಳು ಎಳನೀರಿನ ತಳಕ್ಕೆ ಸ್ಟ್ರಾ ಹಾಕಿ ಎಳೆದಾಗ ಬರುವ ಶಬ್ದ ಗೊತ್ತಲ್ಲ, ಅದೇ ಶಬ್ದ. ನಮ್ಮ ಕಣ್ಣೆದುರೇ ಬೂದು ನೀರು ಗೇಣುದ್ದ ಇಳಿಯಿತು. ವಾಲ್ವಿನ ಹಿತ್ತಾಳೆಯ ತಲೆ ಮೇಲೆ ಕಂಡಿತು. ನೆಲದಡಿಯಲ್ಲಿ ಢಬ್ ಎಂದಿತು. ಲೆಕ್ಕ ಸರಿಯಾದಾಗ ಯಾವ ಇಂಜಿನಿಯರಿಗೂ ಒಂದು ಖುಷಿ ಇರುತ್ತದೆ. ನನಗೆ ಬಂದದ್ದು ಹೇಸಿಗೆ, ಭಯ. ಪರದೆಯ ಮೇಲೆ ಹಿಂದಿನ ದಿನವೇ ನೋಡಿದ್ದರೂ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಎಲ್ಲಿಗೆ ಹೋಯ್ತು ಆ ನೀರು?" ಎಂದು ಸುಮತಿ ಟೀಚರ್ ಕೇಳಿದರು.

"ಪೈಪಿನ ಒಳಗೆ" ಎಂದೆ.

"ಟ್ಯಾಂಕಿಗಾ?"

ಇಷ್ಟು ದಿನ ಹೌದು ಎಂದು ತಲೆಯಾಡಿಸಿದೆ. ಅವರು ನಲ್ಲಿಗಳ ಸಾಲಿನ ಕಡೆ ನೋಡಿದರು. ಅಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಪರೀಕ್ಷೆಯಲ್ಲಿ ನೀರು ಯಾಕೆ ಶುದ್ಧ ಎಂದು ಬಂತು ಎಂಬುದೂ ಆಮೇಲೆ ತಿಳಿಯಿತು. ಟ್ಯಾಂಕಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು, ಮಾದರಿ ತೆಗೆದದ್ದು ಅದರ ಮರುದಿನ. ಬಾವಿಯಲ್ಲಂತೂ ದೋಷ ಇರಲೇ ಇಲ್ಲ. ಎರಡು ತುದಿಗಳನ್ನು ಪರೀಕ್ಷೆ ಮಾಡಿದವರಿಗೆ ನಡುವಿನ ಪೈಪಿನ ಬಗ್ಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಒತ್ತಡದಿಂದ ನೀರು ಓಡುವ ಪೈಪಿಗೆ ಹೊರಗಿನ ಕೊಳೆ ಹೇಗೆ ನುಗ್ಗೀತು? ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಟ್ಯಾಂಕು, ಪೈಪು ಎಲ್ಲ ಖಾಲಿ ಮಾಡಿ ಕ್ಲೋರಿನ್ ಹಾಕಿ ತೊಳೆದರು. ಕೊಳೆ ನೀರಿಗೆ ದೂರದಲ್ಲಿ ಬೇರೆ ಇಂಗುಗುಂಡಿ ತೋಡಿದರು. ಏರ್ ವಾಲ್ವನ್ನು ಒಂದು ನೆಟ್ಟಗಿನ ಪೈಪಿನ ತುದಿಗೆ ಕೂರಿಸಿ ಆಳೆತ್ತರಕ್ಕೆ ಏರಿಸಿದೆವು. ಇನ್ನು ಅದು ಕುಡಿಯುವುದಿದ್ದರೆ ಗಾಳಿಯನ್ನೇ ಕುಡಿಯಬೇಕು. ಲೋಡ್ ಶೆಡ್ಡಿಂಗಿನ ಹೊತ್ತಿಗೆ ಪಂಪು ಹಾಕುವುದನ್ನೂ ನಿಲ್ಲಿಸಿದರು.

ತಿಂಗಳ ಕೊನೆಗೆ ಸಭೆ ನಡೆಯಿತು. ಶಿಫಾ ಅಷ್ಟರಲ್ಲಿ ಐಸಿಯುವಿನಿಂದ ವಾರ್ಡಿಗೆ ಬಂದಿದ್ದಳು. ನಫೀಸಾ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಸಭೆಗೆ ಬಂದಿದ್ದಳು. ನಿದ್ದೆಯಿಲ್ಲದ ಮುಖ. ಸೂಪರ್‌ವೈಸರ್ ನನ್ನನ್ನು ಮಾತಾಡಲು ಹೇಳಿದರು. ನಾನು ಮೊದಲೇ ಆಲೋಚಿಸಿ ಬಂದಿದ್ದೆ. ಕರೆಂಟು, ವಾಲ್ವ್, ಶೂನ್ಯ ಎಂದೆಲ್ಲ ವಿವರಿಸಿ, ಸುತ್ತಲಿನ ಕೊಳೆ ಪೈಪಿಗೆ ಸೇರಿತು, ಗಂಜಿಯ ದೋಷ ಅಲ್ಲ ಎಂದು ಮುಗಿಸಿದೆ. ಆ ಕೊಳೆ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಬಿಟ್ಟಿದ್ದೆ. ಯಾರೂ ಕೇಳಲೂ ಇಲ್ಲ. ಗೆದ್ದೆವು ಎಂದುಕೊಂಡೆ.

ಆಗ ಸುಮತಿ ಟೀಚರ್ ಎದ್ದು ನಿಂತರು.

"ಮೇಡಂ ಒಂದು ಹೇಳ್ಲಿಲ್ಲ. ಆ ಗುಂಡಿಗೆ ಕೊಳೆ ನೀರು ಬಿಟ್ಟದ್ದು ನಾನು. ಮಕ್ಕಳ ಕೈ ತೊಳೆದ ನೀರು. ನನಗೆ ಗೊತ್ತಿರ್ಲಿಲ್ಲ. ಆದ್ರೆ ಬಿಟ್ಟದ್ದು ನಾನೇ."

ನಾನು ದಂಗಾದೆ. ಸುಮ್ಮನೆ ಕೂತಿದ್ದರೆ ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಎಲ್ಲರೂ ನಫೀಸಾಳ ಕಡೆ ನೋಡಿದರು. ಅವಳು ನೋಡಿದ್ದು ನನ್ನ ಕಡೆ.

"ಈಗ ಆ ನೀರು ಎಲ್ಲಿಗೆ ಹೋಗ್ತದೆ ಮೇಡಂ?"

ಹೊಸ ಇಂಗುಗುಂಡಿ ಎಲ್ಲಿದೆ, ಪೈಪಿನಿಂದ ಎಷ್ಟು ದೂರ, ಯಾವ ಕಡೆ ಇಳಿಜಾರು ಎಂದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸುಮತಿ ಟೀಚರ ಕಡೆ ತಿರುಗಿದಳು.

"ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಮಗಳು ಹುಷಾರಾದ ಮೇಲೆ ಕಳಿಸ್ತೇನೆ. ಆದ್ರೆ ಕೈ ತೊಳೆಯುವ ಹೊತ್ತಿಗೆ ಸ್ವಲ್ಪ ದಿನ ನಾನೂ ಬಂದು ನಿಲ್ತೇನೆ. ಬೇಜಾರು ಮಾಡ್ಬೇಡಿ."

"ಬನ್ನಿ" ಎಂದರು ಸುಮತಿ ಟೀಚರ್. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು.

ಜಾಂಡೀಸಿಗೆ ಅದೊಂದೇ ಕಾರಣ ಎಂದು ಯಾರೂ ಬರೆದುಕೊಡಲಿಲ್ಲ, ಅಂಥ ಮಾತನ್ನು ವೈದ್ಯರು ಸುಲಭಕ್ಕೆ ಹೇಳುವುದೂ ಇಲ್ಲ. ಮೊದಲೇ ಸೋಂಕು ತಗಲಿದ್ದ ಕೆಲವರು ಆಮೇಲೂ ಮಲಗಿದರು. ಅವರ ನಂತರ ಪದವಿನಲ್ಲಿ ಹೊಸಬರು ಯಾರೂ ಮಲಗಲಿಲ್ಲ. ನಾನು ಪೈಥಾನ್ ಕಲಿತೆ, ಮುಂದೆ ಮಕ್ಕಳಿಗೂ ಕಲಿಸಿದೆ. ಯಂತ್ರ ಓಡುವಾಗ ಏನಾಗುತ್ತದೆ ಎಂಬುದನ್ನು ನಾವೆಲ್ಲ ಲೆಕ್ಕ ಹಾಕುತ್ತೇವೆ. ನಿಲ್ಲುವಾಗ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಈ ವೃತ್ತಿ ನನಗೆ ಕಲಿಸಿದ್ದು ಆ ಪ್ರಶ್ನೆಯನ್ನು.

ಮಳೆ ಹಿಡಿಯುವ ಮೊದಲು ಒಮ್ಮೆ ಪದವಿಗೆ ಹೋಗಿದ್ದೆ. ಅಂಗನವಾಡಿಯ ಹಿಂದೆ ಶಿಫಾ ನಲ್ಲಿಯ ಮುಂದೆ ನಿಂತು ಕೈಗೆ ಸೋಪು ಹಚ್ಚುತ್ತಿದ್ದಳು. ಬಡಕಲಾಗಿದ್ದಳು, ಕಣ್ಣಿನ ಹಳದಿ ಮಾತ್ರ ಹೋಗಿತ್ತು. ಸುಮತಿ ಟೀಚರ್ ಮಗುವಿನ ತೋಳು ಹಿಡಿದಿದ್ದರು. ನಫೀಸಾ ಬಗ್ಗಿ, ಆ ನೊರೆ ನೀರು ಮೋರಿಯಲ್ಲಿ ಹರಿದು, ತಿರುಗಿ, ದೂರದ ಗುಂಡಿಯವರೆಗೆ ಹೋಗುವುದನ್ನು ಕಣ್ಣು ಕೀಳದೆ ನೋಡುತ್ತಿದ್ದಳು.